ಷಡ್ಡಕನ ಸೂಜಿ

ಸವಣೂರಿನ ವೀಳ್ಯದೆಲೆ ವ್ಯಾಪಾರಿ ಚನ್ನೇಶನ ಹೊಟ್ಟೆಗೆ ಕಿಚ್ಚು ಹಚ್ಚಿದ್ದು ಒಂದು ಥರ್ಮಾಕೋಲ್ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಬರ್ಫ, ಬರ್ಫದ ನಡುವೆ ಒಂದು ಸೂಜಿಮದ್ದು, ಅದರ ಮೇಲೆ ಅಚ್ಚಾದ ಹೆಸರು ಅವನ ಷಡ್ಡಕ ಬಸವೇಶನದು. ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ಇನ್ನೂ ಬಿಡಿಸಿ ಹೇಳಬೇಕೆಂದರೆ, ಅತ್ತೆಯ ಮನೆಯಲ್ಲಿ ನಮಗಿಂತ ಮೊದಲು ಹೋಳಿಗೆ ತಿಂದವನು. ಅಂಥವನ ಮೇಲೆ ಹೊಟ್ಟೆಕಿಚ್ಚು ಪಡುವುದು ಪಾಪವೆಂದು ಯಾವ ಪುರಾಣಿಕರೂ ಈವರೆಗೆ ಹೇಳಿಲ್ಲ.

ಪಂಚಮಿಗೆಂದು ತವರಿಗೆ ಹೋಗಿದ್ದ ಹೆಂಡತಿ ತನುಜಾಳನ್ನು ಕರೆತರಲು ಚನ್ನೇಶ ಹಿರೇಬೆಂಡಿಗೇರಿಗೆ ಹೋದಾಗ ಆ ಪೆಟ್ಟಿಗೆ ಅತ್ತೆ ಸರೋಜವ್ವನ ಫ್ರಿಜ್ಜಿನಲ್ಲಿ ಬಿಜಯಮಾಡಿತ್ತು. ಹಿರಿಯ ಅಳಿಯನ ಸೂಜಿಗೆ ಇಕ್ಕಟ್ಟಾಗಬಾರದೆಂದು ಸರೋಜವ್ವ ಕೆನೆ, ಕೆಂಪುಖಾರ, ಎಮ್ಮೆಯ ಗಿಣ್ಣು ಎಲ್ಲವನ್ನೂ ನೆರೆಮನೆಗೆ ಸಾಗಿಸಿದ್ದಳು. ಪೆಟ್ಟಿಗೆಯ ಮೇಲೆ ಮೂರು ಬೆರಳಿನ ವಿಭೂತಿಯನ್ನೂ ಎಳೆದಿದ್ದಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಫ್ರಿಜ್ಜಿನ ಬಾಗಿಲು ತೆಗೆಸಿ ನೋಡಿ, "ಒಂದ ಸೂಜಿ ರೊಕ್ಕದಾಗ ಒಂದ ಎಮ್ಮಿ ಬರ್ತೈತೆಂತ" ಎಂದು ಬಾಯಿಯ ಮೇಲೆ ಕೈಯಿಟ್ಟು ಹೋಗುತ್ತಿದ್ದರು. ಹಬ್ಬಕ್ಕೆಂದು ಮೊದಲೇ ಬಂದಿದ್ದ ಬಸವೇಶ ಆ ಮನೆಯ ಒಂದೇ ಒಂದು ಕೈಕುರ್ಚಿಯಲ್ಲಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತು, ಬಂದವರಿಗೆಲ್ಲ ಒಂದೊಂದು ನರಳಿಕೆಯನ್ನು ದಯಪಾಲಿಸುತ್ತಿದ್ದ. ಶಿಗ್ಗಾಂವಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟ ಮನುಷ್ಯನಿಗೆ ಗಿರಾಕಿಗಳನ್ನು ಸಂಭಾಳಿಸುವ ಕಲೆ ಚೆನ್ನಾಗಿಯೇ ಗೊತ್ತಿತ್ತು.

ಚನ್ನೇಶ ಇದನ್ನೆಲ್ಲ ಗೋಡೆಗೆ ಒರಗಿ ನಿಂತು ನೋಡಿದ. ಅವನೂ ಬೆನ್ನಿನ ರೋಗಿಯೇ. ಇಬ್ಬರದೂ ಒಂದೇ ಕಾಯಿಲೆ: ಬೆನ್ನೆಲುಬಿನ ಕೀಲುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತ ಹೋಗಿ ಮನುಷ್ಯ ಕಂಬವಾಗಿಬಿಡುವಂಥದ್ದು. ಇಬ್ಬರಿಗೂ ಹುಬ್ಬಳ್ಳಿಯ ಒಬ್ಬರೇ ಡಾಕ್ಟರು ಒಂದೇ ಸೂಜಿಮದ್ದು ಬರೆದಿದ್ದರು. ಇಬ್ಬರದೂ ಬೆಂಗಳೂರಿನ ಒಂದೇ ಕಂಪನಿಯ ವಿಮೆ. ಆದರೆ ಬಸವೇಶನ ಸೂಜಿಗೆ ಕಂಪನಿ ಒಪ್ಪಿಗೆ ಕೊಟ್ಟಿತ್ತು, ಚನ್ನೇಶನ ಅರ್ಜಿ ಮಾತ್ರ ಪರಿಶೀಲನೆಯಲ್ಲೇ ಮಲಗಿತ್ತು. ವಿಮೆ ಇಲ್ಲದೆ ಆ ಸೂಜಿಯನ್ನು ಕೊಳ್ಳುವ ತಾಕತ್ತು ಅವನಿಗಿರಲಿಲ್ಲ. ಕೀಲುಗಳು ಪೂರ್ತಿ ಕೂಡಿಕೊಂಡ ಮೇಲೆ ಯಾವ ಸೂಜಿಯಿಂದಲೂ ಬಿಡಿಸಲಾಗದು, ಏನಿದ್ದರೂ ಈ ವರ್ಷವೇ ಆಗಬೇಕು ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು.

"ಅಳಿಯತನದಾಗ ಅಂವ ಹಿರಿಯ, ಒಪ್ಕೊಂತೇನಿ," ಎಂದು ಚನ್ನೇಶ ಹೆಂಡತಿಯನ್ನು ಹಿತ್ತಲಿಗೆ ಕರೆದು ಹಲ್ಲು ಕಡಿದ. "ಆದ್ರ ರೋಗದಾಗ ನಾ ಹಿರಿಯ. ನನಗ ಬಂದ ಎಷ್ಟೋ ದಿನದ ಮ್ಯಾಲೆ ಅವಗ ಬಂತು. ಡಾಕ್ಟರ್ ವಿಳಾಸ ಕೊಟ್ಟಾಂವನೂ ನಾನ."

"ಮೆಲ್ಲಕ ಮಾತಾಡ್ರಿ, ಅವ್ವ ಕೇಳ್ತಾಳ," ಎಂದಳು ತನುಜಾ. "ಇಲ್ಲೆ ನಿಂತು ಉರಕೊಳ್ಳೂ ಬದ್ಲಿ, ಹೆಂಗ ಸಿಕ್ತಂತ ಅವರನ್ನ ಹೋಗಿ ಕೇಳ್ರಿ."

ಹೊಟ್ಟೆಕಿಚ್ಚು ಪಟ್ಟವನ ಹತ್ತಿರವೇ ಹೋಗಿ ಉಪಾಯ ಕೇಳುವುದು ಸಣ್ಣ ಮಾತಲ್ಲ. ಚನ್ನೇಶ ಗಂಟಲು ಸರಿಮಾಡಿಕೊಂಡು ಹೋಗಿ ಕೇಳಿದ. ಬಸವೇಶ ಕಣ್ಣು ಮುಚ್ಚಿ, ಒಂದು ಸಣ್ಣ ನರಳಿಕೆಯಿಂದ ಪೀಠಿಕೆ ಹಾಕಿ ಹೇಳಿದ:

"ಈಗ ಭಾಳ ಸರಳ ಮಾಡ್ಯಾರಪಾ ಚನ್ನೇಶಪ್ಪ. ಮೊದಲಿನಂಗ ಕಾಗದದ ಗಂಟು ಹೊತ್ತು ತಿರಗೂದಿಲ್ಲ. ಅವರ ಫೋನ್ ಮಾಡಿ ಹೆಂಗದೀರಿ ಅಂತ ಕೇಳ್ತಾರ. ಇದ್ದದ್ದು ಹೇಳಿದ್ರ ಮುಗೀತು."

"ನೀವೇನ ಹೇಳಿದ್ರಿ ಅಣ್ಣಾರ?"

"ಸೊಂಟದಿಂದ ಶುರು ಮಾಡಿದೆ. ಕುತ್ತಿಗಿಗೆ ಬರೂದ್ರಾಗ ಆ ಹುಡುಗಿ 'ಸಾಕು ಸರ್, ಸಾಕು' ಅಂದ್ಲು. ಮರುದಿನ ಒಪ್ಪಿಗಿ ಬಂತು."

ಅತ್ತ ಕೂಸಿಗೇ ಹಾಲು ಎಂಬ ಗಾದೆಯನ್ನು ವಿಮಾ ಕಂಪನಿ ಬೆಂಗಳೂರಿನಲ್ಲಿ ಕುಳಿತು ಕಾಯ್ದೆ ಮಾಡಿತ್ತು. ಚನ್ನೇಶನಿಗೆ ಇಷ್ಟೇ ಸಾಕಾಯಿತು. ಸವಣೂರಿಗೆ ಬಂದವನೇ ಔಷಧಿ ಅಂಗಡಿಯ ನಿಯಾಜನ ಕಡೆಯಿಂದ ಹೊಸ ಪದ್ಧತಿಯಲ್ಲಿ ಅರ್ಜಿ ಹಾಕಿಸಿದ. ಇಂಥ ಅರ್ಜಿಗಳನ್ನೆಲ್ಲ ಊರಿಗೆ ನಿಯಾಜನೇ ಕಂಪ್ಯೂಟರಿನಲ್ಲಿ ಹಾಕಿಕೊಡುತ್ತಿದ್ದ. "ಫೋನ್ ಬರ್ತೈತಿ ಚನ್ನೇಶಣ್ಣ, ಎತ್ತಿ ಮಾತಾಡ್ರಿ ಅಷ್ಟ," ಎಂದು ಅವನೂ ಅಂದ.

ಫೋನು ಬಂದದ್ದು ಬೆಳಗಿನ ಎಲೆ ಹರಾಜಿನ ಗದ್ದಲದಲ್ಲಿ. ಪಕ್ಕದ ಕಟ್ಟೆಯ ಮೇಲೆ ಎದುರಾಳಿ ವ್ಯಾಪಾರಿ ಹಾಲೇಶ ಎಲೆಗೆ ನೀರು ಚಿಮುಕಿಸುತ್ತ, ಕಿವಿಯನ್ನು ಮಾತ್ರ ಚನ್ನೇಶನ ಕಡೆಗೆ ತಿರುಗಿಸಿ ಕೂತಿದ್ದ.

"ನಮಸ್ಕಾರ ಸರ್, ಹೇಗಿದ್ದೀರಿ?" ಎಂದಿತು ಒಂದು ಇಂಪಾದ ದನಿ.

"ಆರಾಮ ಅದೇನ್ರಿ. ನೀವು ಆರಾಮ?"

"ನಿಮ್ಮ ಬೆನ್ನು ಹೇಗಿದೆ ಸರ್?"

ಚನ್ನೇಶ ಹಾಲೇಶನನ್ನು ನೋಡಿದ. ಬೆನ್ನು ಹೋದ ವ್ಯಾಪಾರಿ ಎಂದು ಗೊತ್ತಾದರೆ ತೋಟದವರು ನಾಳೆಯಿಂದಲೇ ಎಲೆ ಬುಟ್ಟಿಗಳನ್ನು ಆ ಕಟ್ಟೆಗೆ ಇಳಿಸುತ್ತಾರೆ. "ಏನ ಅಂಥಾದ್ದಿಲ್ರಿ. ದೇವರು ಚಲೋ ಇಟ್ಟಾನ," ಎಂದ.

"ತುಂಬಾ ಸಂತೋಷ ಸರ್," ಎಂದಿತು ದನಿ. ಅದರ ಸಂತೋಷ ಸುಳ್ಳಿರಲಿಲ್ಲ. ಸಂಜೆಯೊಳಗೆ ಸಂದೇಶ ಬಂತು: ಸದಸ್ಯರ ಆರೋಗ್ಯ ತೃಪ್ತಿಕರವಾಗಿರುವುದರಿಂದ ಸೂಜಿಯ ಅಗತ್ಯವಿಲ್ಲ, ಶುಭವಾಗಲಿ.

ನಿಯಾಜ ಅದನ್ನು ಓದಿ ತಲೆ ಹಿಡಿದುಕೊಂಡ. "ಆರಾಮ ಅಂತ ಯಾಕಂದ್ರಿ ಚನ್ನೇಶಣ್ಣ?"

"ಮತ್ತೇನ ಅನ್ನೂದು? ಮಂದಿ ಹೆಂಗದೀರಿ ಅಂತ ಕೇಳಿದ್ರ ಆರಾಮ ಅನ್ನೂದು. ಅದೂ ಪರವೂರ ಹೆಣ್ಮಗಳು, ಮರ್ಯಾದಿಲೆ ಕೇಳ್ಯಾಳ. ಅಕಿ ಮುಂದ ಸೊಂಟದ ಸುದ್ದಿ ಹೇಳ್ಲೇನು?"

ನಮ್ಮ ಕಡೆಯ ಮನುಷ್ಯ ಹೀಗೆಯೇ. ಚಟ್ಟದ ಮೇಲೆ ಹೊರಟವನನ್ನು ದಾರಿಯಲ್ಲಿ ಯಾರಾದರೂ ಹೆಂಗದೀರಿ ಎಂದು ಕೇಳಿದರೆ ಅವನೂ ಆರಾಮ ಎಂದೇ ಹೇಳಿ ಮುಂದೆ ಸಾಗುವನು. ಇದು ಬೆಂಗಳೂರಿನ ಕಂಪನಿಗೆ ಗೊತ್ತಿರಲಿಲ್ಲ. ನಿಯಾಜ ಅಲ್ಲಾಹನ ಹೆಸರು ಹೇಳಿ, ಡಾಕ್ಟರ ಚೀಟಿ ಲಗತ್ತಿಸಿ, ಮತ್ತೊಮ್ಮೆ ಅರ್ಜಿ ಒತ್ತಿದ.

ಇತ್ತ ಅದೇ ವಾರ ಚನ್ನೇಶನ ಮನೆಗೆ ಗುತ್ತೆವ್ವ ಬಂದಳು. ಆಕೆ ಮದುವೆ ಕೂಡಿಸುವವಳು. ಚನ್ನೇಶನ ಮಗಳು ಐಶ್ವರ್ಯ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ರಟ್ಟೀಹಳ್ಳಿಯ ಒಳ್ಳೆಯ ಮನೆತನವೊಂದು ಕೇಳುತ್ತಿದೆ ಎಂಬ ಸುದ್ದಿಯನ್ನು ಗುತ್ತೆವ್ವ ಚಹದ ಜೊತೆ ಬಿಚ್ಚಿದಳು.

"ಮೊದ್ಲ ಮನಿತನ ನೋಡಾಕ ಒಬ್ಬಾಂವನ್ನ ಕಳಸ್ತಾರ," ಎಂದಳು. "ಬಂದಾಂವ ಖರೇ ಹೇಳೂದಿಲ್ಲ, ಏನರ ನೆವ ಹೇಳ್ತಾನ. ರೋಗ ರುಜಿನ ಐತೇನಂತ ಬಾಯಿ ಬಿಡಸ್ತಾನ. ನೀವು ಗುರುತ ಹಿಡದದ್ದು ತೋರಸಬ್ಯಾಡ್ರಿ."

ಚನ್ನೇಶನಿಗೆ ಇದು ಹೊಸದಲ್ಲ. ಹಿಂದಿನ ವರ್ಷ ಬಸವೇಶನ ಮಗಳನ್ನು ಕೇಳಿದವರು ಎಮ್ಮೆ ಕೊಳ್ಳುವ ನೆವದಿಂದ ಬಂದಿದ್ದರು. ಬಸವೇಶ ಗುರುತು ಹಿಡಿಯದೆ ಎಮ್ಮೆಯನ್ನು ಮಾರಿಯೇ ಬಿಟ್ಟಿದ್ದ. ಆದರೂ ಸಂಬಂಧ ಕೂಡಿತ್ತು. ಅವನ ಪಾಲಿಗೆ ಬಿದ್ದದ್ದೆಲ್ಲ ನೆಟ್ಟಗೇ ಬೀಳುತ್ತದೆ ಎಂಬ ಹೊಟ್ಟೆಯುರಿ ಚನ್ನೇಶನಿಗೆ ಆಗಿನಿಂದಲೂ ಇತ್ತು. ಈ ಸಲ ತಾನು ಅವನಿಗಿಂತ ಜಾಣನೆಂದು ತೋರಿಸಬೇಕೆಂದುಕೊಂಡ.

ಎರಡನೆಯ ದಿನವೇ ಬಗಲಲ್ಲಿ ಚೀಲ ಹಾಕಿಕೊಂಡ, ಅಂಗಿಯನ್ನು ಇಸ್ತ್ರಿ ಮಾಡಿಸಿಕೊಂಡ ಒಬ್ಬ ಸಭ್ಯ ಯುವಕ ಬಾಗಿಲಲ್ಲಿ ನಿಂತ.

"ನಾ ಲೋಹಿತ ಅಂತ್ರಿ. ವಿಮಾ ಕಂಪನಿಯಿಂದ ಬಂದೇನಿ. ನಿಮ್ಮ ಆರೋಗ್ಯ ವಿಚಾರಿಸಿಕೊಂಡು ಹೋಗೂಣಂತ."

"ವಿಮಾ ಕಂಪನಿ," ಎಂದು ಚನ್ನೇಶ ಆ ಮಾತನ್ನು ನಾಲಿಗೆಯ ಮೇಲೆ ಹೊರಳಿಸಿ ಮುಗುಳ್ನಕ್ಕ. ಎಮ್ಮೆಗಿಂತ ಎಷ್ಟೋ ಪಾಲು ಒಳ್ಳೆಯ ನೆವ. ರಟ್ಟೀಹಳ್ಳಿಯವರು ಸುಧಾರಿಸಿದ ಜನ. "ಬರ್ರಿ, ಕುಂದ್ರಿ. ವಿಮಾ ಕಂಪನಿಯವರಿಗೆ ಇಲ್ಲಂತೇವೇನ್ರಿ. ತನುಜಾ, ಉಪ್ಪಿಟ್ಟು ಹಾಕು, ತುಪ್ಪ ಹೆಚ್ಚ ಇರಲಿ."

ಲೋಹಿತ ಚೀಲ ಬಿಚ್ಚಿದ. "ಬೆನ್ನುಬ್ಯಾನಿ ಎಷ್ಟ ದಿನದಿಂದ ಐತ್ರಿ?"

"ಯಾರಿಗೆ? ನನಗ?" ಚನ್ನೇಶ ತನುಜಾಳ ಕಡೆಗೆ ನೋಡಿ ನಕ್ಕ. "ನೋಡ, ನನಗ ಬೆನ್ನುಬ್ಯಾನಿ ಅಂತ."

ತನುಜಾ ಮಗಳ ತಾಯಿ. ಬಾಗಿಲ ಮರೆಯಿಂದಲೇ ಹೇಳಿದಳು: "ನಮ್ಮನಿಯವರಿಗೆ ನೆಗಡಿ ಸೈತ ಬಂದಿಲ್ರಿ."

"ಬಗ್ಗೂದು ಏಳೂದು?" ಎಂದ ಲೋಹಿತ, ಹುಬ್ಬು ಮೇಲೇರಿಸಿ.

ಉತ್ತರವನ್ನು ಬಾಯಿಯಿಂದ ಹೇಳುವುದು ಚನ್ನೇಶನಿಗೆ ಸಪ್ಪೆಯೆನಿಸಿತು. ಎದ್ದುಹೋಗಿ, ಪಡಸಾಲೆಯ ಕಟ್ಟೆಯ ಮೇಲಿದ್ದ ತುಂಬಿದ ಎಲೆ ಬುಟ್ಟಿಯನ್ನು ತಬ್ಬಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡ. ಆ ಕ್ಷಣ ಬೆನ್ನಿನೊಳಗೆ ಏನೇನು ನಡೆಯಿತೆಂದು ಅವನಿಗೂ ಶಿವನಿಗೂ ಮಾತ್ರ ಗೊತ್ತು. ಮುಖದ ಮೇಲೆ ನಗು ಹಾಗೇ ನಿಂತಿತ್ತು, ಕಣ್ಣಲ್ಲಿ ಮಾತ್ರ ನೀರು.

"ಅದು ಆನಂದಕ್ಕ ಬಂದದ್ರಿ," ಎಂದ ಚನ್ನೇಶ.

ಲೋಹಿತ ಮೊಬೈಲಿನಲ್ಲಿ ಅದನ್ನು ಸೆರೆಹಿಡಿದುಕೊಂಡ. ಮನೆತನ ನೋಡುವವರು ಫೋಟೋ ಕೇಳುವುದು ಇದ್ದದ್ದೇ ಎಂದುಕೊಂಡು ಚನ್ನೇಶ ಇನ್ನೊಂದು ಮಗ್ಗುಲಿಗೂ ತಿರುಗಿ ನಿಂತ. "ಹಂಗಾದ್ರ ಸೂಜಿ ಯಾಕ ಬೇಕಾಗಿತ್ರಿ?" ಎಂದು ಲೋಹಿತ ಕೇಳಿದಾಗ ಮಾತ್ರ ಅವನು ಬುಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡ. ಸೂಜಿಯ ಸುದ್ದಿ ರಟ್ಟೀಹಳ್ಳಿಯ ತನಕ ಮುಟ್ಟಿದೆ.

"ಅದು ನಮ್ಮ ಷಡ್ಡಕರ ಸುದ್ದಿ ಇರಬೇಕ್ರಿ," ಎಂದ ಚನ್ನೇಶ ಸಮಾಧಾನದಿಂದ. "ರೋಗ ಎಲ್ಲಾ ಶಿಗ್ಗಾಂವಿ ಕಡೆ. ನಮ್ಮ ಕಡೆ ಒಂದೂ ಇಲ್ಲ."

ಲೋಹಿತ ಉಪ್ಪಿಟ್ಟು ತಿಂದು, ಕೈ ಮುಗಿದು ಹೋದ. ಅವನು ಓಣಿ ದಾಟಿದ ಮೇಲೆ ಬುಟ್ಟಿಯನ್ನು ಇಳಿಸಲು ತಾಯಿ ಮಗಳು ಇಬ್ಬರೂ ಬೇಕಾದರು; ಬುಟ್ಟಿಯಾದ ಮೇಲೆ ಚನ್ನೇಶನನ್ನು ಹಾಸಿಗೆಗೆ ಇಳಿಸಲು ನೆರೆಯವರೂ ಬೇಕಾದರು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮಲಗಿದಲ್ಲಿಗೇ ನಿಯಾಜ ಓಡಿಬಂದು ಹೊಸ ಸಂದೇಶ ಓದಿದ: ಸದಸ್ಯರು ಭಾರ ಎತ್ತುತ್ತಿರುವುದು ಕಂಡುಬಂದಿದೆ, ಅರ್ಜಿ ವಜಾ, ಒಪ್ಪದಿದ್ದರೆ ಕಂಪನಿಯ ವೈದ್ಯರೊಂದಿಗೆ ಒಂದು ಸಲ, ಒಂದೇ ಸಲ, ವಿಡಿಯೋದಲ್ಲಿ ಮಾತನಾಡಬಹುದು.

ಇಷ್ಟಕ್ಕೇ ಮುಗಿಯಲಿಲ್ಲ. ಚನ್ನೇಶ ಹಾಸಿಗೆಯಲ್ಲಿದ್ದಾಗ ಬಿಳಿ ಟೋಪಿಯ ಹಿರಿಯರೊಬ್ಬರು ಬಂದು, "ಎಲಿ ದರ ಹೆಂಗೈತ್ರಿ ಈಗ?" ಎಂದು ಕೇಳಿದರು. ಒಮ್ಮೆ ಮೋಸಹೋದ ಚನ್ನೇಶ ಎರಡನೆಯ ಸಲ ಹೋಗುವವನಲ್ಲ. ಎಲೆಯ ದರ ಕೇಳುವ ನೆವದಿಂದ ಕಂಪನಿಯವರು ಮತ್ತೆ ಬಂದಿದ್ದಾರೆಂದು ತಿಳಿದು, ಬೆನ್ನು, ಕುತ್ತಿಗೆ, ಸೊಂಟ ಎಲ್ಲವನ್ನೂ ಬಿಡಿಬಿಡಿಯಾಗಿ ವರ್ಣಿಸಿದ. ತನ್ನ ಅಪ್ಪನಿಗೂ ಇದೇ ಇತ್ತು, ಮುತ್ತ್ಯಾನಿಗೂ ಇದೇ ಇತ್ತು, ಮುಂದೆ ಹುಟ್ಟುವವರಿಗೂ ಬರುತ್ತದೆಂದು ಭರವಸೆ ಕೊಟ್ಟ. ಹಿರಿಯರು ಚಹವನ್ನೂ ಮುಟ್ಟದೆ ರಟ್ಟೀಹಳ್ಳಿಯ ಬಸ್ಸು ಹತ್ತಿದರು. ಗುತ್ತೆವ್ವ ಬಂದು ನೆಲಕ್ಕೆ ಕೈ ಬಡಿದು ಬೈದು ಹೋದಳು. ಓದು ಮುಗಿಯುವ ತನಕ ಮದುವೆ ಬೇಡವೆಂದು ಹರಕೆ ಹೊತ್ತಿದ್ದ ಐಶ್ವರ್ಯ ಮಾತ್ರ ಅಪ್ಪನಿಗೆ ಅಂದು ರಾತ್ರಿ ತಾನೇ ನಿಂತು ಶಾವಿಗೆ ಪಾಯಸ ಮಾಡಿ ಕೊಟ್ಟಳು.

ಇನ್ನು ಉಳಿದಿದ್ದು ಒಂದೇ ಮಾತುಕತೆ. ಅದೂ ಕೆಟ್ಟರೆ ಬೆನ್ನು ಕೆಟ್ಟಂತೆಯೇ. ತನುಜಾ ಗಂಡನನ್ನು ಕೇಳದೆ ತಾಯಿಗೆ ಫೋನು ಮಾಡಿದಳು. ಸರೋಜವ್ವ ಆಜ್ಞೆ ಹೊರಡಿಸಿದಳು: "ಇಲ್ಲೇ ಕರಕೊಂಡು ಬಾ. ದೊಡ್ಡ ಅಳಿಯಂದ್ರು ಕಲಸ್ತಾರ."

ಬಸವೇಶನಿಂದ ನರಳುವುದನ್ನು ಕಲಿಯುವ ದಿನ ಬಂದದ್ದೇ ಚನ್ನೇಶನಿಗೆ ನಿಜವಾದ ರೋಗಕ್ಕಿಂತ ಹೆಚ್ಚಾಯಿತು. ಬಸವೇಶ ಕೈಕುರ್ಚಿಯಲ್ಲಿ ಕೂತು ಗುರುವಾದ. "ಉಸರ ಮೊದಲ ಒಳಗ ತೊಗೊ. ಹಾಂ. ಈಗ 'ಯಪ್ಪಾ' ಅನ್ನು. ಹಂಗಲ್ಲ, ನೀ ಎಲಿ ಮಾರಾಕತ್ತಂಗ ಅಂತಿ. ಹೊಟ್ಟಿಯಿಂದ ಬರಬೇಕು." ಚನ್ನೇಶನ ಹೊಟ್ಟೆಯಿಂದ ಆಗ ಬರುತ್ತಿದ್ದದ್ದು ಬೇರೆಯೇ ಇತ್ತು. ಅತ್ತೆ ಅಡುಗೆ ಮನೆಯಿಂದ ಇಣುಕಿ, "ದೊಡ್ಡ ಅಳಿಯಂದ್ರದು ಕೇಳ್ರಿ, ಎಷ್ಟ ಚಂದ ನರಳ್ತಾರ," ಎಂದು ಮೆಚ್ಚಿದಳು.

ಹೊತ್ತಿಗೆ ಸರಿಯಾಗಿ ಫೋನು ಗುಣುಗುಟ್ಟಿತು. ತನುಜಾ ಅದನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿದಳು. ತೆರೆಯ ಮೇಲೆ ನರೆತ ಕೂದಲಿನ, ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟ ಡಾಕ್ಟರಮ್ಮ ಕಂಡರು. ಚನ್ನೇಶ ಪಾಠ ಒಪ್ಪಿಸಿದ. ಡಾಕ್ಟರಮ್ಮ ತಾಳ್ಮೆಯಿಂದ ಪೂರ್ತಿ ಕೇಳಿದರು.

"ಈ ನರಳಿಕೆಯನ್ನು ಶಿಗ್ಗಾಂವಿಯ ಒಂದು ಕರೆಯ ರೆಕಾರ್ಡಿಂಗಿನಲ್ಲಿ ನಾನು ಕೇಳಿದ್ದೇನೆ," ಎಂದರು. "ಇದೇ ರಾಗ. ಇರಲಿ. ಬುಟ್ಟಿ ಎತ್ತಿರುವವರು ನೀವೇ ಅಲ್ಲವೇ?"

ಅದೇ ಹೊತ್ತಿಗೆ, ಚನ್ನೇಶನ ದುರ್ದೈವವೋ ಸುದೈವವೋ, ಬಸವೇಶನ ಅಡಿಕೆ ಚೀಲ ಜಾರಿ ಅಡಿಕೆ ಹೋಳುಗಳು ನೆಲಕ್ಕೆಲ್ಲ ಉರುಳಿದವು. ಬಸವೇಶ ಕುರ್ಚಿಯಿಂದ ಸಲೀಸಾಗಿ ಇಳಿದ, ಚಕ್ಕಳಮಕ್ಕಳ ಹಾಕಿ ಕೂತ, ಅತ್ತ ಇತ್ತ ಬಗ್ಗಿ ಒಂದೊಂದನ್ನೇ ಆರಿಸತೊಡಗಿದ. ಚನ್ನೇಶ ನೋಡಿಯೇ ನೋಡಿದ. ಕಲಿತ ಪಾಠವೆಲ್ಲ ಮರೆತುಹೋಯಿತು.

"ನೋಡ್ರಿ ಡಾಕ್ಟರಮ್ಮ," ಎಂದ. "ಅಂವ ನೆಲಕ್ಕ ಕುಂತ."

"ಯಾರು?"

"ನಮ್ಮ ಷಡ್ಡಕ. ಮಳಿಗಾಲದಾಗ ಅವನೂ ನನ್ನಂಗ ಕಂಬ ಆಗಿದ್ದ. ಈಗ ನೋಡ್ರಿ, ಬಗ್ತಾನ, ಏಳ್ತಾನ. ನನಗ ಹೊಟ್ಟಿಕಿಚ್ಚರಿ, ಸುಳ್ಳ ಯಾಕ ಹೇಳ್ಲಿ. ಅವನ ಸೂಜಿ ಪೆಟ್ಟಿಗಿ ಕಂಡ್ರ ನನಗ ಉರೀತೈತಿ. ಅಂವ ನಿದ್ದಿಗಣ್ಣಾಗ ಮಗ್ಗಲಾ ಬದಲಸ್ತಾನಂತ. ನಾ ಮಗ್ಗಲಾ ಬದಲಸಬೇಕಂದ್ರ ಹೆಂಡ್ತೀನ ಎಬ್ಬಸಬೇಕು. ಅಂವ ತನ್ನ ಚಪ್ಪಲಿ ತಾ ಮೆಟ್ಟತಾನ. ನನಗ ಇಕಿ ಮೆಟ್ಟಸ್ತಾಳ, ಅದೂ ಮಗಳು ನೋಡಬಾರ್ದಂತ ಬಾಗಲಾ ಮುಂದ ಮಾಡಿ. ಯಾರರ ಹಿಂದಿಂದ ಕರದ್ರ ಚಕ್ಕಡಿ ಹೊಳ್ಳಿಸಿದಂಗ ಇಡೀ ಮೈ ಹೊಳ್ಳಸ್ತೇನಿ. ನಾಕ ವರ್ಷ ಆತ್ರಿ, ಮಂದಿ ಜೋಡಿ ಪಂಕ್ತಿಗೆ ಕುಂತು ಉಂಡಿಲ್ಲ. ಯಾರದರ ಮದುವಿಗೆ ಹೋದ್ರ ಹೊಟ್ಟಿ ತುಂಬೈತಿ ಅಂತ ಹೇಳಿ ನಿಂತ ನಿಂತ ಬರ್ತೇನಿ."

ತನುಜಾ ಸೆರಗು ಬಾಯಿಗೆ ಹಿಡಿದಿದ್ದಳು. ಚಪ್ಪಲಿಯ ಸುದ್ದಿಯನ್ನು ಅವಳು ತನ್ನ ತಾಯಿಗೂ ಹೇಳಿರಲಿಲ್ಲ.

"ಕುತ್ತಿಗೆಯನ್ನು ಎಡಕ್ಕೆ ತಿರುಗಿಸಿ ನೋಡೋಣ," ಎಂದರು ಡಾಕ್ಟರಮ್ಮ ಮೆಲ್ಲಗೆ. ಚನ್ನೇಶ ತಿರುಗಿಸಿದ, ಕುತ್ತಿಗೆ ಬಿಟ್ಟು ಉಳಿದದ್ದೆಲ್ಲ ತಿರುಗಿತು. "ಬಗ್ಗಿ ಮೊಣಕಾಲು ಮುಟ್ಟಿ." ಕೈ ತೊಡೆಯ ನಡುವಿನಲ್ಲೇ ನಿಂತುಹೋಯಿತು.

"ಹಾಗಾದರೆ ಆ ಬುಟ್ಟಿ?"

"ಬೀಗರು ಅಂತ ತಿಳದು ಎತ್ತಿದ್ದರಿ."

ಡಾಕ್ಟರಮ್ಮ ಕನ್ನಡಕ ತೆಗೆದು, ನಗು ಮರೆಸಲು ಮುಖ ಬೇರೆ ಕಡೆ ಮಾಡಿದರು. ಆಮೇಲೆ, "ನರಳುವವರನ್ನು ದಿನಾಲು ನೋಡುತ್ತೇನೆ," ಎಂದರು. "ಮತ್ತೊಬ್ಬರಿಗೆ ಏನೇನು ಗುಣವಾಗಿದೆ ಎಂದು ಇಷ್ಟು ಲಕ್ಷ್ಯಕೊಟ್ಟು ನೋಡಿದ ರೋಗಿ ನೀವೊಬ್ಬರೇ. ಒಪ್ಪಿಗೆ ಕೊಟ್ಟಿದ್ದೇನೆ, ಸೂಜಿ ಈ ವಾರ ಬರುತ್ತದೆ."

ಫೋನು ಆರಿತು. ಸರೋಜವ್ವ ಹಿರಿಯ ಅಳಿಯನ ಕಡೆಗೆ ತಿರುಗಿದಳು. ಅವನು ಅಡಿಕೆ ಹೋಳು ಹಿಡಿದುಕೊಂಡು ನೆಲದ ಮೇಲೆಯೇ ಇದ್ದ.

"ಅಂದ್ರ ನಿಮಗ ಗುಣ ಆಗೈತಿ," ಎಂದಳು.

"ಅಷ್ಟಿಷ್ಟು," ಎಂದ ಬಸವೇಶ. ನರಳಲು ಹೊರಟು ಅರ್ಧಕ್ಕೆ ಬಿಟ್ಟ. ಸರೋಜವ್ವ ಕೈಕುರ್ಚಿಯನ್ನು ಎತ್ತಿ ಚನ್ನೇಶನ ಹತ್ತಿರ ಇಟ್ಟಳು. ಗೆದ್ದ ಸಂತೋಷದಲ್ಲಿ ಚನ್ನೇಶ ಅದರಲ್ಲಿ ಕೂತ. ಬೆನ್ನು ನೋಯುತ್ತಲೇ ಇತ್ತು, ಆದರೂ ಅಂದಿನ ಸುಖವೇ ಬೇರೆ.

ಎಳ್ಳಮವಾಸ್ಯೆಗೆ ಎಲ್ಲರೂ ಹಿರೇಬೆಂಡಿಗೇರಿಯ ಹೊಲಕ್ಕೆ ಹೋದರು. ಚನ್ನೇಶನಿಗೆ ಸೂಜಿ ಬೀಳತೊಡಗಿ ಕೆಲವು ವಾರಗಳಾಗಿದ್ದವು. ಬನ್ನಿಯ ಗಿಡದ ನೆರಳಲ್ಲಿ ಜಮಖಾನೆ ಹಾಸಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕರಿಗಡಬು ಹರವಿಕೊಂಡು ಪಂಕ್ತಿ ಕೂತರು. ಚನ್ನೇಶ ಯಾರ ಕೈಯನ್ನೂ ಹಿಡಿಯದೆ, ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು ಎಂದು ಮೆಲ್ಲಗೆ ಇಳಿದು ನೆಲಕ್ಕೆ ಕೂತ. ಊಟ ಮುಗಿಸಿದ. ತಾನೇ ಎದ್ದ. ಎದ್ದು ನಿಂತು, ಈಗ ಎಲ್ಲರೂ ಏನನ್ನುತ್ತಾರೋ ಎಂದು ಸುತ್ತ ನೋಡಿದ.

ಯಾರೂ ನೋಡಿರಲಿಲ್ಲ. ಬಸವೇಶ ಹೊಸದಾಗಿ ಹಲ್ಲಿನ ಸೆಟ್ಟು ಹಾಕಿಸಿಕೊಂಡು ಬಂದಿದ್ದ. ಕಟಕ ಸಜ್ಜೆ ರೊಟ್ಟಿಯನ್ನು ಕಟಂ ಎಂದು ಮುರಿದು ತೋರಿಸುತ್ತಿದ್ದ, ಸರೋಜವ್ವ ಮೊದಲ್ಗೊಂಡು ಇಡೀ ಪಂಕ್ತಿ ಅವನ ಬಾಯಿಯನ್ನೇ ನೋಡುತ್ತ ಕೂತಿತ್ತು. "ಮತ್ತೊಂದ ತಿನ್ರಿ, ಮತ್ತೊಂದ ತಿನ್ರಿ," ಎಂದು ಸರೋಜವ್ವ ರೊಟ್ಟಿ ನೀಡುತ್ತಿದ್ದಳು. ಚನ್ನೇಶನ ಹೊಟ್ಟೆಯಲ್ಲಿ ಆಗಷ್ಟೇ ಬಿದ್ದಿದ್ದ ಕರಿಗಡಬು ಉರಿಯತೊಡಗಿತು. ನಾಲ್ಕು ವರ್ಷದ ಮೇಲೆ ಮನುಷ್ಯ ನೆಲಕ್ಕೆ ಕೂತರೆ ಇವರಿಗೆ ಲೆಕ್ಕಕ್ಕಿಲ್ಲ, ಹಲ್ಲು ದೊಡ್ಡದಾಯಿತು.

ಅವನು ಸಿಟ್ಟಿನಿಂದ ಕೈ ತೊಳೆಯಲು ಕೊಡದ ಹತ್ತಿರ ಹೋದ. ಹಿಂದಿನಿಂದ ತನುಜಾ ಕರೆದಳು. ತಿರುಗಿ ನೋಡಿದ. ಅವಳು ಗಿಡದ ಆಚೆ, ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ನಿಂತಿದ್ದಳು. ಕಣ್ಣು ಒದ್ದೆಯಾಗಿತ್ತು.

"ಇನ್ನೊಮ್ಮೆ ಕುಂತು ಏಳ್ರಿ," ಎಂದಳು. "ಆಗ ನನಗ ನೆಟ್ಟಗ ಕಾಣಲಿಲ್ಲ."

ಚನ್ನೇಶ ಅಲ್ಲಿಯೇ, ಜೋಳದ ಸಾಲಿನ ನಡುವೆ, ಅವಳೊಬ್ಬಳಿಗೆ ಕಾಣುವಂತೆ ಇನ್ನೊಮ್ಮೆ ಕೂತ.